ಆಟಗಾರನೂ ಅವನ ಕಾಗದವೂ

2020ನೆಯ ಇಸವಿಯ ಆಗಸ್ಟ್ ತಿಂಗಳು. ಪಿಡುಗಿನ ದೆಸೆಯಿಂದ ಊರಿಗೆ ಊರೇ ಕದವನ್ನು ಅರ್ಧ ತೆರೆದು ಅರ್ಧ ಮುಚ್ಚಿಕೊಂಡು ಕುಳಿತಿದ್ದ ಕಾಲ. ಹಗಲೆಲ್ಲ ಮಲಗಿ ಮಲಗಿ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದ ನನ್ನನ್ನು ಮೊಮ್ಮಗ ಎಬ್ಬಿಸಿ ಟೆಲಿವಿಷನ್ನಿನ ಮುಂದೆ ಕೂರಿಸಿದ. ಗಂಟೆ ಹನ್ನೆರಡೂವರೆ. ದೂರದ ಲಿಸ್ಬನ್ ನಗರದಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದ ಮೈದಾನದಲ್ಲಿ, ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡಕ್ಕೂ ಸ್ಪೇನಿನ ಬಾರ್ಸಿಲೋನಾ ತಂಡಕ್ಕೂ ಫುಟ್‌ಬಾಲ್ ಪಂದ್ಯ. ಬಾರ್ಸಿಲೋನಾದವರ ಕೀರ್ತಿಯನ್ನು ನಾನೂ ಕೇಳಿದ್ದೆ. ಆ ರಾತ್ರಿ ಅವರು 8-2ರಲ್ಲಿ ಮಣ್ಣು ಮುಕ್ಕಿದರು. ಕೊನೆಯ ಎರಡು ಗೋಲುಗಳನ್ನು ಹೊಡೆದವನು ಆಟ ಮುಗಿಯಲು ಕಾಲು ಗಂಟೆ ಇರುವಾಗ ಒಳಗೆ ಬಂದ ಫಿಲಿಪ್ ಕುಟೀನ್ಯೋ ಎಂಬ ಬ್ರೆಜಿಲ್ ದೇಶದವನು.

“ತಾತ, ಇವನು ಬಾರ್ಸಿಲೋನಾದವನೇ!” ಎಂದ ಮೊಮ್ಮಗ.

“ಹಾಗಾದರೆ ಈ ಕಡೆ ಏತಕ್ಕೆ ಆಡುತ್ತಿದ್ದಾನೆ?”

“ಲೋನ್ ಮೇಲೆ ಬಂದಿದ್ದಾನೆ ತಾತ.”

ಉಂಡ ಮನೆಯ ಜಂತೆ ಎಣಿಸುವವರನ್ನು ಕೇಳಿದ್ದೆ. ಉಂಡ ಮನೆಗೇ ಎರಡು ಗೋಲು ಹೊಡೆದು ಕೈ ತೊಳೆದುಕೊಂಡವನನ್ನು ಅಂದೇ ಕಂಡದ್ದು. ಹುಡುಗ ಅದನ್ನು ನನಗೆ ವಿವರಿಸಲು ಬಹಳ ಕಷ್ಟಪಟ್ಟ. ಬಾರ್ಸಿಲೋನಾದವರು ಇವನನ್ನು 2018ರ ಜನವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಿಂದ 10 ಕೋಟಿ ಪೌಂಡಿಗೂ ಮೀರಿದ ಬೆಲೆಗೆ ತಂದರು. ಹೊಂದಿಕೆಯಾಗಲಿಲ್ಲ. 2019ರಲ್ಲಿ ಒಂದು ವರ್ಷದ ಮಟ್ಟಿಗೆ ಬಯರ್ನ್‌ನವರಿಗೆ ಎರವಲು ಕೊಟ್ಟರು. ಬಯರ್ನ್‌ನವರು ಎರವಲಿನ ಬಾಬ್ತು 85 ಲಕ್ಷ ಯೂರೋ ಕೊಡುವುದು, ಆ ವರ್ಷದ ಸಂಬಳವನ್ನೂ ಹೊರುವುದು, ಬೇಕೆನಿಸಿದರೆ 12 ಕೋಟಿ ಯೂರೋ ತೆತ್ತು ಶಾಶ್ವತವಾಗಿ ಇಟ್ಟುಕೊಳ್ಳುವುದು ಎಂದು ಒಪ್ಪಂದ. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕೀತೆ?

ನನಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಗುಮಾಸ್ತಿಕೆ ಮಾಡಿದವನಿಗೆ ‘ಎರವಲು ಸೇವೆ’ಯನ್ನು ಬಿಡಿಸಿ ಹೇಳಬೇಕೆ? ಮಾತೃ ಇಲಾಖೆ ಒಂದು, ಕೆಲಸ ಮಾಡುವ ಇಲಾಖೆ ಇನ್ನೊಂದು. ಸಂಬಳ ಇಲ್ಲಿ, ಸೇವಾ ಪುಸ್ತಕ ಅಲ್ಲಿ. ಅವಧಿ ಮುಗಿದೊಡನೆ ಹಾಸಿಗೆ ಸುತ್ತಿಕೊಂಡು ಹೊರಟಲ್ಲಿಗೇ ಹಿಂತಿರುಗಬೇಕು. ಹುಡುಗನಿಗೆ ಇಷ್ಟು ಹೇಳಿದಾಗ ಅವನು, “ಹಾಗಾದರೆ ನಿಮ್ಮನ್ನೂ ಕೊಂಡುಕೊಳ್ಳುತ್ತಿದ್ದರೆ?” ಎಂದು ಕೇಳಿದ. ಇಲ್ಲಪ್ಪ, ನಮಗೆ ಬೆಲೆ ಇರಲಿಲ್ಲ ಎಂದೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. 1974ರಲ್ಲಿ ನನಗೆ ಬೇರೊಂದು ಕಡೆ ಹೆಚ್ಚಿನ ಸಂಬಳದ ಕೆಲಸ ದೊರೆಯುವುದರಲ್ಲಿತ್ತು. ಅರ್ಜಿಯನ್ನು ಮೇಲಧಿಕಾರಿಗಳ ಮೂಲಕವೇ ಕಳುಹಿಸಬೇಕು, ಜೊತೆಗೆ ಅವರ ನಿರಾಕ್ಷೇಪಣಾ ಪತ್ರ ಇರಬೇಕು. ಕಚೇರಿಯ ಹೆಸರು ಈಗ ಬೇಡ. ಅಧಿಕಾರಿಗಳು ನನ್ನನ್ನು ಬೈಯಲಿಲ್ಲ, “ನಿನ್ನಂಥವನನ್ನು ಕಳಿಸಿಬಿಟ್ಟು ನಾನೇನು ಮಾಡಲಯ್ಯ?” ಎಂದು ಹೊಗಳಿಯೇ ಮಾತಾಡಿದರು. ಹೊಗಳುತ್ತ ಹೊಗಳುತ್ತ ಕಾಗದವನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಕೊನೆಯ ದಿನಾಂಕ ಕಳೆದು ಒಂಬತ್ತು ವಾರಗಳ ಮೇಲೆ ಅದು ಸಹಿಯಾಗಿ ಹೊರಬಂತು. ಅಂದಿನಿಂದ ನನಗೊಂದು ವಿಷಯ ಮನದಟ್ಟಾಗಿದೆ. ಮನುಷ್ಯನನ್ನು ಹಿಡಿದಿಡಲು ಸಂಕೋಲೆ ಬೇಕಿಲ್ಲ. ಅವನ ಕಾಗದವನ್ನು ಹಿಡಿದಿಟ್ಟರೆ ಸಾಕು. ಫುಟ್‌ಬಾಲಿನ ವರ್ಗಾವಣೆ ಹಣದ ಚರಿತ್ರೆಯನ್ನು ಆಮೇಲೆ ಬಿಡುವಿನಲ್ಲಿ ಓದಿ ನೋಡಿದೆ. ಅದು ಮೊದಲಿನಿಂದ ಕೊನೆಯವರೆಗೂ ಇದೇ ಖಾನೆಯ ಚರಿತ್ರೆ.

ಇಂಗ್ಲೆಂಡಿನ ಫುಟ್‌ಬಾಲ್ ಸಂಘದವರು ಆಟಕ್ಕೆ ಸಂಬಳ ಪಡೆಯುವುದನ್ನು ನ್ಯಾಯವೆಂದು ಒಪ್ಪಿಕೊಂಡದ್ದು 1885ರಲ್ಲಿ. ಅದಕ್ಕೆ ಮುಂಚೆಯೂ ಹಣ ಕೈ ಬದಲಾಯಿಸುತ್ತಿತ್ತು, ಕತ್ತಲಲ್ಲಿ. ಆಮೇಲೆ ಬೆಳಕಿನಲ್ಲಿ ಬದಲಾಯಿಸಿತು, ಅಷ್ಟೆ. 1888ರಲ್ಲಿ ಬರ್ಮಿಂಗ್‌ಹ್ಯಾಮಿನ ಬಟ್ಟೆ ವ್ಯಾಪಾರಿ ವಿಲಿಯಂ ಮೆಕ್‌ಗ್ರೆಗರ್ ಎಂಬಾತನ ಪ್ರಯತ್ನದಿಂದ 12 ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗ್ ಆಯಿತು. ಆಗ ಆಟಗಾರ ವರ್ಷಕ್ಕೊಮ್ಮೆ ತನ್ನ ಹೆಸರನ್ನು ಒಂದು ಕ್ಲಬ್ಬಿನಲ್ಲಿ ನೋಂದಾಯಿಸಬೇಕಾಗಿತ್ತು. ಋತು ಮುಗಿದರೆ ಅವನು ಸ್ವತಂತ್ರ. ಹೆಚ್ಚು ಕೊಡುವವರು ಕರೆದರೆ ಹೋಗಬಹುದು.

ಇದು ಬಡ ಕ್ಲಬ್ಬುಗಳಿಗೆ ಕಷ್ಟವಾಯಿತು. ಕಷ್ಟವಾಯಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಸಣ್ಣ ಊರಿನವರು ಹುಡುಗನನ್ನು ಹುಡುಕಿ ತಿದ್ದಿ ತೀಡಿ ಆಡಲು ಕಲಿಸುವುದು, ದೊಡ್ಡ ಊರಿನವರು ಬಂದು ಎತ್ತಿಕೊಂಡು ಹೋಗುವುದು! 1893ರಲ್ಲಿ ಲೀಗಿನವರು ಇದಕ್ಕೊಂದು ಕಟ್ಟಲೆ ಮಾಡಿದರು. ಒಮ್ಮೆ ಒಂದು ಕ್ಲಬ್ಬಿಗೆ ನೋಂದಾಯಿಸಿಕೊಂಡವನು ಆ ಕ್ಲಬ್ಬಿನ ಅನುಮತಿಯಿಲ್ಲದೆ ಲೀಗಿನ ಬೇರೆ ಕ್ಲಬ್ಬಿಗೆ ಆಡಕೂಡದು. ಕರಾರಿನ ಅವಧಿ ಮುಗಿದರೂ ಆಡಕೂಡದು. ಪ್ರತಿ ಋತುವಿನ ಕೊನೆಗೆ ಕ್ಲಬ್ಬು ಎರಡು ಪಟ್ಟಿ ಮಾಡುವುದು: ಉಳಿಸಿಕೊಳ್ಳುವವರದ್ದೊಂದು, ಬೆಲೆ ಬಂದರೆ ಬಿಡುವವರದ್ದೊಂದು. ಉಳಿಸಿಕೊಳ್ಳುವ ಪಟ್ಟಿಯಲ್ಲಿ ಹೆಸರಿದ್ದವನು ಹೊಸ ಕರಾರಿಗೆ ಸಹಿ ಹಾಕದಿದ್ದರೆ ಅವನಿಗೆ ಸಂಬಳವೂ ಇಲ್ಲ, ಬೇರೆಡೆ ಆಟವೂ ಇಲ್ಲ.

ವರ್ಗಾವಣೆ ಹಣವೆಂಬುದು ಹುಟ್ಟಿದ್ದು ಈ ಬಸಿರಿನಲ್ಲಿ. ಇದನ್ನು ಓದುಗರು ಗಮನವಿಟ್ಟು ನೋಡಬೇಕು. ಕ್ಲಬ್ಬು ಮಾರುವುದು ಆಟಗಾರನನ್ನಲ್ಲ, ಅವನ ಕಾಲುಗಳನ್ನೂ ಅಲ್ಲ. ‘ಆಗದು’ ಎನ್ನುವ ತನ್ನ ಅಧಿಕಾರವನ್ನು. ನಿರಾಕ್ಷೇಪಣಾ ಪತ್ರಕ್ಕೊಂದು ದರ ಕಟ್ಟಿ ಅಂಗಡಿಯಲ್ಲಿ ತೂಗುಹಾಕಿದ ಹಾಗೆ. ಆ ವರ್ಷವೇ ವಿಲ್ಲಿ ಗ್ರೋವ್ಸ್ ಎಂಬಾತನಿಗಾಗಿ ಆಸ್ಟನ್ ವಿಲ್ಲಾ ಕ್ಲಬ್ಬು ನೆರೆಯ ವೆಸ್ಟ್ ಬ್ರಾಮಿಚ್‌ನವರಿಗೆ 100 ಪೌಂಡು ತೆತ್ತಿತೆಂದು ಹೇಳುತ್ತಾರೆ. ಆಸ್ಟನ್ ವಿಲ್ಲಾ ಎಂಬ ಹೆಸರನ್ನು ನೆನಪಿನಲ್ಲಿಡಿ. ಈ ಕಥೆಯೊಳಗೆ ಅದು ಬೇಡವೆಂದರೂ ತಲೆಹಾಕುತ್ತದೆ.

1901ರಲ್ಲಿ ಇನ್ನೊಂದು ಬೇಲಿ ಎದ್ದಿತು: ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದು. ಸಹಿ ಹಾಕುವಾಗ ಅವನ ಕೈಗೆ 10 ಪೌಂಡು ಕೊಡಬಹುದು, ಅಷ್ಟೆ. ಹೀಗೆ ಮನುಷ್ಯನಿಗೆ ಮಿತಿ ಇತ್ತು. ಕಾಗದಕ್ಕೆ ಮಿತಿ ಇರಲಿಲ್ಲ. 1905ರ ಫೆಬ್ರವರಿಯಲ್ಲಿ ಕೆಳದರ್ಜೆಗೆ ಜಾರುವ ಭಯದಲ್ಲಿದ್ದ ಮಿಡಲ್ಸ್‌ಬರೋ ಕ್ಲಬ್ಬು ಆಲ್ಫ್ ಕಾಮನ್ ಎಂಬ ಮುನ್ನಡೆ ಆಟಗಾರನಿಗಾಗಿ ಸಂಡರ್‌ಲ್ಯಾಂಡಿಗೆ 1,000 ಪೌಂಡು ಕೊಟ್ಟಿತು. ಪತ್ರಿಕೆಗಳು ಹೌಹಾರಿದವು. ಮನುಷ್ಯರನ್ನು ದನದ ಜಾತ್ರೆಯಲ್ಲಿ ಮಾರುವಂತಾಯಿತೆಂದು ಗಲಾಟೆ. ಕಾಮನ್ ಮಾತ್ರ ತನ್ನ ಪಾಡಿಗೆ ತಾನು ಶೆಫೀಲ್ಡಿಗೆ ಹೋಗಿ ಪೆನಾಲ್ಟಿಯಲ್ಲಿ ಒಂದು ಗೋಲು ಹೊಡೆದ. ಸುಮಾರು ಎರಡು ವರ್ಷದಲ್ಲಿ ಪರಸ್ಥಳದಲ್ಲಿ ಮಿಡಲ್ಸ್‌ಬರೋಗೆ ಅದೇ ಮೊದಲ ಗೆಲುವು. ಕ್ಲಬ್ಬು ಮೇಲಿನ ದರ್ಜೆಯಲ್ಲೇ ಉಳಿಯಿತು. ನನ್ನ ಗುಮಾಸ್ತ ಬುದ್ಧಿ ಸುಮ್ಮನಿರದೆ ಲೆಕ್ಕ ಹಾಕಿತು: ವಾರಕ್ಕೆ 4ರಂತೆ 1,000 ಪೌಂಡು ಗಳಿಸಲು 250 ವಾರ ಬೇಕು. ಅವನ ಹೆಸರಿನಲ್ಲಿ ಒಂದು ದಿನ ಕೈ ಬದಲಾದ ಹಣವನ್ನು ಅವನು ಕಾಣಲು ಐದು ವರ್ಷ ಆಡಬೇಕಾಗಿತ್ತು.

ಫುಟ್‌ಬಾಲ್ ಸಂಘದವರು ಗಾಬರಿಯಾಗಿ 1908ರಲ್ಲಿ ವರ್ಗಾವಣೆಗೆ 350 ಪೌಂಡಿನ ಮಿತಿ ಹಾಕಿದರು. ನಾಲ್ಕು ತಿಂಗಳು ಬಾಳಲಿಲ್ಲ. ಇಷ್ಟರಲ್ಲಿ, 1907ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಬಿಲ್ಲಿ ಮೆರೆಡಿತ್ ಮೊದಲಾದವರು ಸೇರಿ ಆಟಗಾರರ ಯೂನಿಯನ್ ಕಟ್ಟಿದ್ದರು. ಆ ಯೂನಿಯನ್ ಹ್ಯಾರಿ ಕಿಂಗಬಿ ಎಂಬ ಆಟಗಾರನ ಪರವಾಗಿ ಕೋರ್ಟು ಹತ್ತಿತು. ಕಿಂಗಬಿಯನ್ನು ಬಿಟ್ಟುಕೊಡಲು ಅವನ ಕ್ಲಬ್ಬು 350 ಪೌಂಡು ಬೆಲೆ ಹೇಳಿತ್ತು. ಅಷ್ಟು ಕೊಡುವವರು ಯಾರೂ ಇರಲಿಲ್ಲ. ಅವನು ಎಲ್ಲಿಯೂ ಸಲ್ಲದಂತಾದ. ಪ್ರತಿವಾದಿ ಯಾರೆಂದಿರಿ? ಅದೇ ಆಸ್ಟನ್ ವಿಲ್ಲಾ. ಅವನ ವಕೀಲರು ಕಟ್ಟಲೆಯೇ ಅನ್ಯಾಯವೆಂದು ವಾದಿಸುವುದನ್ನು ಬಿಟ್ಟು, ಕ್ಲಬ್ಬು ದ್ವೇಷದಿಂದ ಹೀಗೆ ಮಾಡಿತೆಂದು ವಾದಿಸಿದರು. 1912ರಲ್ಲಿ ಮೊಕದ್ದಮೆ ಬಿದ್ದುಹೋಯಿತು. ದ್ವೇಷವೆಲ್ಲಿಂದ ಬರಬೇಕು? ನಮ್ಮ ಅಧಿಕಾರಿಗಳಿಗೂ ನನ್ನ ಮೇಲೆ ದ್ವೇಷವಿರಲಿಲ್ಲ. ಖರ್ಚಿನ ಭಾರಕ್ಕೆ ಯೂನಿಯನ್ನಿನ ಬೆನ್ನು ಮುರಿಯಿತು. ಮುಂದೆ ಐವತ್ತು ವರ್ಷ ಆ ಕಟ್ಟಲೆಯನ್ನು ಕೋರ್ಟಿನಲ್ಲಿ ಯಾರೂ ಅಲುಗಾಡಿಸಲಿಲ್ಲ.

ಆ ಐವತ್ತು ವರ್ಷಗಳಲ್ಲಿ ಬೆಲೆಗಳು ಏರಿದ್ದನ್ನೆಲ್ಲ ಹೇಳುತ್ತ ಕೂರುವುದಿಲ್ಲ. ಒಂದನ್ನು ಮಾತ್ರ ಬಿಡಲಾರೆ. 1928ರಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್, ಬೋಲ್ಟನ್ ಕ್ಲಬ್ಬಿನ ಡೇವಿಡ್ ಜಾಕ್ ಎಂಬಾತನಿಗಾಗಿ ಚೌಕಾಶಿ ಮಾಡಲು ಒಂದು ಹೋಟೆಲಿಗೆ ಹೋದ. ಮುಂಚಿತವಾಗಿಯೇ ಹೋಗಿ ಮಾಣಿಯ ಕೈ ಬೆಚ್ಚಗೆ ಮಾಡಿ, ಅತಿಥಿಗಳು ಕೇಳಿದ್ದನ್ನೆಲ್ಲ ಇಮ್ಮಡಿ ಸುರಿ, ನನಗೆ ಮಾತ್ರ ಜಿನ್ ಹಾಕದ ಬರಿಯ ನೀರು ಕೊಡು ಎಂದು ಗೊತ್ತುಮಾಡಿದ್ದನಂತೆ. ಬೋಲ್ಟನ್ನಿನವರು ಖುಷಿಯಾಗಿ 10,890 ಪೌಂಡಿಗೆ ಒಪ್ಪಿ ಎದ್ದರು. ಸಂತೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮುಗಿಸುವ ನಮ್ಮ ದಲ್ಲಾಳಿಗಳೂ ಚಾಪ್ಮನ್ನನ ಕಾಲಿಗೆ ಬೀಳಬೇಕು.

ಹೋಗಲೊಲ್ಲೆನೆನ್ನುವವನಿಗಿಂತ ಹೋಗಬೇಕೆನ್ನುವವನ ಪಾಡು ಕಷ್ಟ. ಇಂಗ್ಲೆಂಡಿನ ತಂಡಕ್ಕೆ ಆಡಿದ್ದ ವಿಲ್ಫ್ ಮ್ಯಾನಿಯನ್ 1948ರಲ್ಲಿ ಮಿಡಲ್ಸ್‌ಬರೋ ಬಿಟ್ಟು ಓಲ್ಡಮ್ಮಿಗೆ ಹೋಗಬೇಕೆಂದ. ಕ್ಲಬ್ಬು 25,000 ಪೌಂಡು ಕೇಳಿತು. ಇವನು ಆಡುವುದಿಲ್ಲವೆಂದು ಮನೆಯಲ್ಲಿ ಕುಳಿತ. ತಿಂಗಳುಗಳು ಉರುಳಿದವು. ಸಂಬಳವಿಲ್ಲ. ಕೊನೆಗೆ ಸೋತು, ಬಿಟ್ಟ ಮನೆಗೇ ಹಿಂತಿರುಗಿದ.

ಮ್ಯಾನಿಯನ್ ಸೋತದ್ದನ್ನು ಗೆದ್ದವನು ಜಾರ್ಜ್ ಈಸ್ಟ್‌ಹ್ಯಾಮ್. ಇವನ ತಂದೆಯೂ ಜಾರ್ಜ್ ಈಸ್ಟ್‌ಹ್ಯಾಮನೇ. ಅವನೂ ಇಂಗ್ಲೆಂಡಿಗೆ ಆಡಿದವನೇ. ಉತ್ತರ ಐರ್ಲೆಂಡಿನ ಆರ್ಡ್ಸ್ ಎಂಬ ಕ್ಲಬ್ಬಿನಲ್ಲಿ ತಂದೆ ಮಗ ಒಂದೇ ತಂಡದಲ್ಲಿ ಆಡಿದರೆಂಬುದು ಸೊಗಸಾದ ಸಂಗತಿ. 1956ರಲ್ಲಿ ನ್ಯೂಕಾಸಲ್ ಕ್ಲಬ್ಬಿನವರು ಮಗನನ್ನು 9,000 ಪೌಂಡಿಗೆ ಕರೆದುಕೊಂಡರು. ನಾಲ್ಕು ವರ್ಷದಲ್ಲಿ ಮನಸ್ಸು ಮುರಿಯಿತು. ಕ್ಲಬ್ಬು ಕೊಟ್ಟ ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಅವನ ದೂರು. ಜೊತೆಗೆ ಮಾಡಲು ಕೊಡಿಸುತ್ತೇವೆಂದ ಉದ್ಯೋಗವೂ ಸರಿಯಿರಲಿಲ್ಲ. 1960ರ ಜೂನ್ ತಿಂಗಳಲ್ಲಿ ಕರಾರು ಮುಗಿಯಿತು. ಹೊಸದಕ್ಕೆ ಸಹಿ ಹಾಕಲಾರೆ, ಬಿಟ್ಟುಬಿಡಿ ಎಂದ. ಆಗದು ಎಂದಿತು ಕ್ಲಬ್ಬು. ಕರಾರಿಲ್ಲ, ಸಂಬಳವಿಲ್ಲ, ಆದರೂ ಅವನು ನ್ಯೂಕಾಸಲಿನವನು!

ಈಸ್ಟ್‌ಹ್ಯಾಮ್ ಇಂಗ್ಲೆಂಡಿನ ದಕ್ಷಿಣ ಭಾಗಕ್ಕೆ ಹೋಗಿ ಒಬ್ಬ ಸ್ನೇಹಿತರ ವ್ಯಾಪಾರದಲ್ಲಿ ಬೆಂಡು ಮಾರುವ ಕೆಲಸಕ್ಕೆ ಸೇರಿಕೊಂಡ. ಬಾಟಲಿಗೆ ಬಿರಡೆ ಮಾಡುವ ಬೆಂಡು, ಹೌದು. ದೇಶದ ಉತ್ತಮ ಆಟಗಾರರಲ್ಲೊಬ್ಬ ಬೆಂಡಿನ ವ್ಯಾಪಾರ ಮಾಡಿಕೊಂಡು ಬೇಸಗೆ ಕಳೆದ. ಕೊನೆಗೆ ನ್ಯೂಕಾಸಲಿನವರು ಬೇಸತ್ತು, ಆ ವರ್ಷದ ಚಳಿಗಾಲ ಬರುವ ಹೊತ್ತಿಗೆ, 47,500 ಪೌಂಡಿಗೆ ಆರ್ಸೆನಲಿಗೆ ಮಾರಿದರು. ಆಗ ಸಂಬಳದ ಮಿತಿ ವಾರಕ್ಕೆ 20 ಪೌಂಡು. ಮತ್ತೆ ಲೆಕ್ಕ ಹಾಕಿದೆ: ಆ ಹಣಕ್ಕೆ ಅವನು ನಲವತ್ತೈದು ವರ್ಷ ಆಡಬೇಕು.

ಇಲ್ಲಿಗೆ ಅವನ ಕೆಲಸವಾಯಿತಷ್ಟೆ? ಬಯಸಿದ್ದು ಸಿಕ್ಕಿತು, ನನ್ನಂಥವನಾಗಿದ್ದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಅವನು ಸುಮ್ಮನಾಗಲಿಲ್ಲ. ಯೂನಿಯನ್ ತನ್ನ ಬೊಕ್ಕಸದಿಂದ 15,000 ಪೌಂಡು ತೆಗೆದಿಟ್ಟು ದಾವೆಗೆ ಬೆಂಬಲವಾಗಿ ನಿಂತಿತು. ಅದೇ ಯೂನಿಯನ್ 1961ರ ಜನವರಿಯಲ್ಲಿ ಜಿಮ್ಮಿ ಹಿಲ್ ಎಂಬ ಗಡ್ಡದ ಮುಖಂಡನ ಕೈಕೆಳಗೆ ಮುಷ್ಕರದ ಬೆದರಿಕೆ ಹಾಕಿ ಸಂಬಳದ ಮಿತಿಯನ್ನು ತೆಗೆಸಿಹಾಕಿತ್ತು. ಆ ವರ್ಷವೇ ಫುಲಮ್ ಕ್ಲಬ್ಬಿನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡು ಸಂಬಳವಾಯಿತು. ಒಂದು ಬೇಲಿ ಬಿದ್ದಿತ್ತು. ಇನ್ನೊಂದು ಬಿದ್ದದ್ದು 1963ರ ಜುಲೈ 4ರಂದು. ಕರಾರು ಮುಗಿದವನನ್ನು ಹಿಡಿದಿಡುವ ಕಟ್ಟಲೆ ದುಡಿದು ತಿನ್ನುವವನ ದುಡಿಮೆಗೆ ನ್ಯಾಯವಲ್ಲದ ಅಡ್ಡಿ, ಅದು ಕಾನೂನಿನಲ್ಲಿ ನಿಲ್ಲದು ಎಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು ತೀರ್ಪಿತ್ತರು. ಕಳೆದುಕೊಂಡ ಸಂಬಳ ಈಸ್ಟ್‌ಹ್ಯಾಮನಿಗೆ ಸಿಗಲಿಲ್ಲ. ಅವನಿಗೆ ಸಿಕ್ಕಿದ್ದು ಅವನ ನಂತರದವರ ಬಿಡುಗಡೆ.

ಆಟಗಾರರು ಆ ಕರಾರನ್ನು ಗುಲಾಮಗಿರಿಯ ಕರಾರೆಂದೇ ಕರೆಯುತ್ತಿದ್ದರು. ಹಾಗಿರುವಲ್ಲಿ ತೀರ್ಪು ಬರೆದ ಈ ರಿಚರ್ಡ್ ವಿಲ್ಬರ್‌ಫೋರ್ಸರು ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸನ ಮರಿಮಗನ ಮಗ ಎಂದರೆ ವಿಧಿಯ ಹಾಸ್ಯವೆನ್ನಬೇಕೆ? ಇನ್ನೂ ಒಂದು ಸೋಜಿಗ: ಅವರು ಹುಟ್ಟಿದ್ದು ನಮ್ಮ ಜಲಂಧರದಲ್ಲಿ, 1907ರಲ್ಲಿ.

ನಮ್ಮ ದೇಶದ ಮಾತು ಬಂತಾದ್ದರಿಂದ ಒಂದು ಗಳಿಗೆ ಬೆಂಗಳೂರಿಗೂ ಬರೋಣ. ಅದೇ ಕಾಲದಲ್ಲಿ ನಮ್ಮ ಹುಡುಗರೂ ಊರು ಬಿಟ್ಟು ಹೋಗುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಬಂದ ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿ ಮನೆಮಾತಾದರು. ಆಮೇಲೆ ಕೆಂಪಯ್ಯನವರು ಮೋಹನ್ ಬಗಾನಿಗೆ ಹೋದರು. ಅಂದಿನ ಆಟಗಾರರು ಹೆಸರಿಗಾದರೂ ಹವ್ಯಾಸಿಗಳು; ಇಂಗ್ಲೆಂಡಿನಂತೆ ಬೆಲೆ ಕಟ್ಟುವ ಪದ್ಧತಿ ಇರಲಿಲ್ಲ. ಆದರೆ ಕಾಗದದ ಮಹಿಮೆ ಅಲ್ಲಿಯೂ ಇತ್ತು. ಕಲ್ಕತ್ತೆಯಲ್ಲಿ ಸಹಿ ಹಾಕುವ ದಿನಗಳು ಸಮೀಪಿಸಿದರೆ ಈ ಕ್ಲಬ್ಬಿನವರು ಆ ಕ್ಲಬ್ಬಿನ ಆಟಗಾರನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಎಲ್ಲಿಯೋ ಬಚ್ಚಿಟ್ಟು, ಹೊತ್ತು ನೋಡಿ ಕರೆತಂದು ಸಹಿ ಹಾಕಿಸುತ್ತಿದ್ದ ಕಥೆಗಳು ಅಲ್ಲಿನ ಮುದುಕರ ಬಾಯಲ್ಲಿ ಪುರಾಣವಾಗಿವೆ. ಹಣ ಕೊಟ್ಟು ಕೊಳ್ಳಲಾರದ್ದನ್ನು ಎತ್ತಿಕೊಂಡು ಹೋದರು, ಇಷ್ಟೆ.

ಈಸ್ಟ್‌ಹ್ಯಾಮನ ಗೆಲುವು ಅರ್ಧ ಗೆಲುವು. ಕ್ಲಬ್ಬು ಇನ್ನು ಮೇಲೆ ಮನುಷ್ಯನನ್ನು ಸುಮ್ಮನೆ ಕೊಳೆಹಾಕುವಂತಿರಲಿಲ್ಲ. ಆದರೆ ಕರಾರು ಮುಗಿದವನಿಗೂ ಬೆಲೆ ಕೇಳುವುದು ಉಳಿಯಿತು. ಯೂರೋಪಿನಲ್ಲೆಲ್ಲ ಅದೇ ರೂಢಿ. ಅದನ್ನು ಮುರಿದವನು ದೊಡ್ಡ ಆಟಗಾರನೇನಲ್ಲ. ಬೆಲ್ಜಿಯಂ ದೇಶದ ಲಿಯೇಜ್ ಕ್ಲಬ್ಬಿನ ಜಾನ್-ಮಾರ್ಕ್ ಬೋಸ್ಮನ್. 1990ರ ಜೂನಿನಲ್ಲಿ ಅವನ ಕರಾರು ಮುಗಿಯಿತು. ತಿಂಗಳಿಗೆ 1,20,000 ಫ್ರಾಂಕ್ ಪಡೆಯುತ್ತಿದ್ದವನಿಗೆ ಕ್ಲಬ್ಬು 30,000 ಕೊಡುತ್ತೇನೆಂದಿತು. ಅವನು ಒಲ್ಲೆನೆಂದ. ಕೂಡಲೆ ಮಾರಾಟದ ಪಟ್ಟಿಯಲ್ಲಿ ಅವನ ಹೆಸರಿಗೆ 1,17,43,000 ಫ್ರಾಂಕ್ ಬೆಲೆ ಬಿತ್ತು. ಸಂಬಳಕ್ಕೆ ಕಾಲು ಭಾಗಕ್ಕಿಳಿದವನು ಮಾರಾಟಕ್ಕೆ ಕೋಟಿಗೇರಿದ! ಇದೇ ನನಗೆ ಹೇಳಿದ ಮಾತಿನ ಅಚ್ಚು: ನಿನ್ನಂಥವನನ್ನು ಕಳಿಸಿಬಿಟ್ಟು ನಾನೇನು ಮಾಡಲಯ್ಯ?

ಗಡಿಯಾಚೆ ಫ್ರಾನ್ಸಿನಲ್ಲಿ ಡಂಕರ್ಕ್ ಎಂಬ ಊರಿನ ಕ್ಲಬ್ಬು ಅವನನ್ನು ಕೇಳಿತು. ಅದು ನಡೆಯಬೇಕಾಗಿದ್ದದ್ದೂ ಎರವಲಿನ ರೂಪದಲ್ಲೇ: ಒಂದು ವರ್ಷಕ್ಕೆ 12 ಲಕ್ಷ ಫ್ರಾಂಕ್, ಮುಂದೆ ಬೇಕಾದರೆ 48 ಲಕ್ಷಕ್ಕೆ ಕ್ರಯ. ಕಾಗದಗಳೆಲ್ಲ ಸಿದ್ಧವಾದವು. ಆದರೆ ಡಂಕರ್ಕಿನವರು ಹಣ ಕೊಡಬಲ್ಲರೋ ಇಲ್ಲವೋ ಎಂದು ಲಿಯೇಜಿನವರಿಗೆ ಅನುಮಾನ ಬಂತು. ವರ್ಗಾವಣೆಗೆ ಬೇಕಾದ ಪ್ರಮಾಣಪತ್ರವನ್ನು ಕಳುಹಿಸುವಂತೆ ತಮ್ಮ ಸಂಘಕ್ಕೆ ಹೇಳಲೇ ಇಲ್ಲ. ಬೋಸ್ಮನ್ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಒಂದು ಕಾಗದ, ಒಂದು ಖಾನೆ.

ಅವನು ಕೋರ್ಟಿಗೆ ಹೋದ. ಐದು ವರ್ಷ ನಡೆಯಿತು. ಯೂರೋಪಿನ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪು ಹೇಳಿತು: ಕರಾರು ಮುಗಿದ ಆಟಗಾರ ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಕ್ಲಬ್ಬು ಬೆಲೆ ಕೇಳುವಂತಿಲ್ಲ. ಅವನಿಗೆ ಆಗ 31 ವರ್ಷ. ಆಟದ ವಯಸ್ಸೆಲ್ಲ ಕೋರ್ಟಿನ ಹೊಸ್ತಿಲಲ್ಲಿ ಸವೆದಿತ್ತು. ಹಣ್ಣು ತಿಂದವರು ಬೇರೆ. ಅದೇ ವರ್ಷದ ಮೇ ತಿಂಗಳಲ್ಲಿ ಹಾಲೆಂಡಿನ ಏಯಾಕ್ಸ್ ಕ್ಲಬ್ಬಿಗೆ ಆಡುತ್ತ ಪ್ಯಾಟ್ರಿಕ್ ಕ್ಲೈವರ್ಟ್ ಎಂಬ ಹುಡುಗ ಇಟಲಿಯ ಮಿಲಾನಿನ ಮೇಲೆ ಗೋಲು ಹೊಡೆದು ಯೂರೋಪಿನ ಕಪ್ಪನ್ನು ಗೆದ್ದುಕೊಟ್ಟಿದ್ದ. 1997ರಲ್ಲಿ ಅವನು ಅದೇ ಮಿಲಾನಿಗೆ ಹೋದ. ಏಯಾಕ್ಸಿಗೆ ಚಿಕ್ಕಾಸೂ ಬರಲಿಲ್ಲ. ಅವನನ್ನು ಬಾಲಕನಾಗಿದ್ದಾಗಿನಿಂದ ಆಡಿಸಿ ಬೆಳೆಸಿದವರು ಏಯಾಕ್ಸಿನವರೇ.

1893ರಲ್ಲಿ ಬಡ ಕ್ಲಬ್ಬುಗಳು ಅಂಜಿದ್ದು ಇದಕ್ಕೇ ಅಲ್ಲವೆ? ಅವರದು ಪೂರಾ ಸುಳ್ಳು ಮಾತಲ್ಲವೆಂದು ಹೇಳಿದೆನಷ್ಟೆ. ಬೋಸ್ಮನ್ನನ ಪಕ್ಷ ವಹಿಸುವ ನನಗೂ ಏಯಾಕ್ಸಿನ ಬಗೆಗೆ ಮರುಕವುಂಟು. ವಿಶ್ವ ಫುಟ್‌ಬಾಲ್ ಸಂಸ್ಥೆಯವರು ಇದಕ್ಕೊಂದು ಪರಿಹಾರ ಮಾಡಿದ್ದಾರೆ: ಕರಾರಿನಲ್ಲಿರುವ ಆಟಗಾರ ದೇಶದಿಂದ ದೇಶಕ್ಕೆ ಮಾರಾಟವಾದಾಗ ಬೆಲೆಯಲ್ಲಿ ನೂರಕ್ಕೆ 5ನ್ನು ತೆಗೆದು, ಅವನ 12ರಿಂದ 23ನೆಯ ವಯಸ್ಸಿನವರೆಗೆ ಆಡಿಸಿದ ಕ್ಲಬ್ಬುಗಳಿಗೆ ಹಂಚಬೇಕು. ಎಲ್ಲಿಯೋ ಒಂದು ಹಳ್ಳಿಯ ಕ್ಲಬ್ಬು ಹತ್ತು ವರ್ಷದ ಹಿಂದೆ ಬೂಟು ಕೊಡಿಸಿದ ಹುಡುಗನ ಹೆಸರಿನಲ್ಲಿ ಒಂದು ಬೆಳಿಗ್ಗೆ ಹಣ ಬಂದು ಬೀಳುತ್ತದೆ. ಈ ಒಂದು ಕಟ್ಟಲೆಗೆ ನಾನು ತಲೆಬಾಗುತ್ತೇನೆ.

ಬೆಲೆಯೇನೋ ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಹತ್ತು ಲಕ್ಷ ಪೌಂಡನ್ನು ಮೊದಲು ಮುಟ್ಟಿದವನು 1979ರ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ ಟ್ರೆವರ್ ಫ್ರಾನ್ಸಿಸ್. 2017ರ ಆಗಸ್ಟಿನಲ್ಲಿ ಬ್ರೆಜಿಲಿನ ನೇಮಾರನಿಗೆ ಪ್ಯಾರಿಸಿನವರು ತೆತ್ತದ್ದು 22 ಕೋಟಿ 20 ಲಕ್ಷ ಯೂರೋ. ಆದರೆ ಇವರಿಬ್ಬರೂ ಕರಾರಿನ ನಡುವೆ ಹೋದವರು. ಬೆಲೆ ಈಗ ಉಳಿದಿರುವ ಕರಾರಿನ ಬೆಲೆ. ಕರಾರಿನ ಕೊನೆಯ ವರ್ಷ ಬಂತೆಂದರೆ ಕ್ಲಬ್ಬಿನ ಎದೆ ಡವಡವ. ಮಾಗಿದ ಹಣ್ಣು ನಾಳೆಗೆ ಕೊಳೆಯುತ್ತದೆ, ಇಂದೇ ಮಾರು ಎಂಬ ಸಂಕಟ.

ಲೆಕ್ಕದ ಪುಸ್ತಕದಲ್ಲಿ ಇದು ಇನ್ನೂ ತಮಾಷೆಯಾಗಿ ಕಾಣುತ್ತದೆ. 10 ಕೋಟಿಗೆ ಕೊಂಡವನೊಡನೆ 5 ವರ್ಷದ ಕರಾರಾದರೆ ವರ್ಷಕ್ಕೆ 2 ಕೋಟಿಯಂತೆ ಖರ್ಚು ಬರೆಯುತ್ತಾರೆ. ಕಾರ್ಖಾನೆಯ ಯಂತ್ರಕ್ಕೆ ಸವಕಳಿ ಕಳೆದ ಹಾಗೆ. ಎರಡು ವರ್ಷದ ಮೇಲೆ ಪುಸ್ತಕದಲ್ಲಿ ಅವನು 6 ಕೋಟಿ ಬಾಳುತ್ತಾನೆ. ಇನ್ನು ಮನೆಯಲ್ಲೇ ಬೆಳೆದ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಆದುದರಿಂದ ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ಲೆಕ್ಕ ತೂಗಿಸಲು ಮೊದಲು ಕಣ್ಣು ಬೀಳುವುದು ಮನೆಮಗನ ಮೇಲೆ. ಲಂಡನ್ನಿನ ಚೆಲ್ಸಿ ಕ್ಲಬ್ಬಿಗೆ ಆರನೆಯ ವಯಸ್ಸಿನಲ್ಲಿ ಸೇರಿದ ಮೇಸನ್ ಮೌಂಟ್ ಎಂಬಾತನನ್ನು 2023ರಲ್ಲಿ ಮ್ಯಾಂಚೆಸ್ಟರಿಗೆ ಮಾರಿದರು. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮವರು ಹೇಳುತ್ತಿದ್ದರು. ಇಲ್ಲಿ ಹಿತ್ತಲ ಗಿಡವೇ ಮಾರುಕಟ್ಟೆಗೆ ಮೊದಲು ಹೋಗುವ ಮದ್ದು.

ಇನ್ನು ಎರವಲಿನ ಮಾತು. ಇಂಗ್ಲೆಂಡಿನ ಲೀಗಿನಲ್ಲಿ ಇದು ಕ್ರಮವಾಗಿ ನೆಲೆಯೂರಿದ್ದು 1960ರ ದಶಕದ ಕೊನೆಗೆ. ಮೂಲದಲ್ಲಿ ಇದು ಒಳ್ಳೆಯ ಏರ್ಪಾಡು. ದೊಡ್ಡ ತಂಡದಲ್ಲಿ ಬೆಂಚು ಕಾಯಿಸುವ ಹುಡುಗ ಸಣ್ಣ ತಂಡದಲ್ಲಿ ಆಡಿ ಕಲಿಯುತ್ತಾನೆ. ಸಣ್ಣ ತಂಡಕ್ಕೆ ಅಗ್ಗದಲ್ಲಿ ಆಳು ಸಿಗುತ್ತಾನೆ. ಸಂಬಳವನ್ನು ಇಬ್ಬರೂ ಹಂಚಿಕೊಳ್ಳಬಹುದು. ಡೇವಿಡ್ ಬೆಕಮ್‌ನನ್ನು 1995ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನವರು ಪ್ರೆಸ್ಟನ್ನಿಗೆ ಎರವಲು ಕಳಿಸಿದಾಗ ತನ್ನನ್ನು ಸಾಗಹಾಕುತ್ತಿದ್ದಾರೆಂದು ಅವನು ಕಂಗಾಲಾದನಂತೆ. ಅಲ್ಲಿ ಆಡಿದ್ದು 5 ಪಂದ್ಯ. ಕಾರ್ನರಿನಿಂದ ನೇರವಾಗಿ ಒಂದು ಗೋಲು ಹೊಡೆದು ಗಂಡಸಾಗಿ ಹಿಂತಿರುಗಿದ. ಹ್ಯಾರಿ ಕೇನ್ ನಾಲ್ಕು ಕ್ಲಬ್ಬುಗಳಲ್ಲಿ ಎರವಲು ತಿರುಗಿದ ಮೇಲೆಯೇ ತನ್ನ ಮನೆಯವರ ಕಣ್ಣಿಗೆ ಬಿದ್ದದ್ದು.

ಕೊಟ್ಟವರಿಗೆ ಕುತ್ತು ಬರುವುದೂ ಉಂಟು. ಚೆಲ್ಸಿಯವರು ಟೀಬೋ ಕೋರ್ಟ್ವಾ ಎಂಬ ಗೋಲಿಯನ್ನು ಮ್ಯಾಡ್ರಿಡ್ಡಿನ ಅಟ್ಲೆಟಿಕೊಗೆ ಎರವಲು ಕೊಟ್ಟಿದ್ದರು. 2014ರಲ್ಲಿ ಯೂರೋಪಿನ ಕಪ್ಪಿನ ಉಪಾಂತ್ಯದಲ್ಲಿ ಇಬ್ಬರೂ ಎದುರಾದರು. ಹಾಗೆ ಎದುರಾದರೆ ಅವನನ್ನು ಆಡಿಸಲು ಪ್ರತ್ಯೇಕ ಹಣ ತೆರಬೇಕೆಂದು ಕರಾರಿನ ಮೂಲೆಯಲ್ಲಿ ಬರೆದಿತ್ತು. ಅಂಥ ಷರತ್ತು ಸಲ್ಲದೆಂದು ಯೂರೋಪಿನ ಫುಟ್‌ಬಾಲ್ ಸಂಸ್ಥೆ ತಳ್ಳಿಹಾಕಿತು. ಅವನು ಆಡಿದ, ಚೆಲ್ಸಿ ತನ್ನ ಮನೆಯಂಗಳದಲ್ಲೇ 3-1ರಲ್ಲಿ ಸೋತಿತು. ಎರವಲು ಒಡವೆ ಕೊಟ್ಟವರು ಮದುವೆಮನೆಯಲ್ಲಿ ಅದರ ಮೇಲೆಯೇ ಕಣ್ಣಿಟ್ಟುಕೊಂಡು ಕೂರುವುದು ನೋಡಿದ್ದೇವಲ್ಲ, ಹಾಗೆ.

ಆದರೆ ಒಳ್ಳೆಯ ಏರ್ಪಾಡಿಗೂ ಹುಳು ಹಿಡಿಯಿತು. ದೊಡ್ಡ ಕ್ಲಬ್ಬುಗಳು ಆಡಿಸುವ ಉದ್ದೇಶವೇ ಇಲ್ಲದೆ ಹುಡುಗರನ್ನು ಕೊಂಡು ಸಾಲುಸಾಲಾಗಿ ಎರವಲು ಕಳಿಸತೊಡಗಿದವು. ಒಂದು ಹೊತ್ತಿನಲ್ಲಿ ಚೆಲ್ಸಿಯ ಸುಮಾರು 40 ಮಂದಿ ಹೀಗೆ ಊರೂರು ತಿರುಗುತ್ತಿದ್ದರು. ಭೂಮಿಯನ್ನು ತಾನು ಉಳದೆ ವಾರಕ್ಕೆ ಕೊಟ್ಟು ಪಟ್ಟಣದಲ್ಲಿ ಕುಳಿತ ಜಮೀನ್ದಾರರ ನೆನಪಾಗುತ್ತದೆ. 2022ರಲ್ಲಿ ವಿಶ್ವ ಸಂಸ್ಥೆಯವರು ಎಚ್ಚೆತ್ತು, ಎರವಲು ಒಂದು ವರ್ಷ ಮೀರಕೂಡದು, ಎರವಲು ಬಂದವನನ್ನು ಮತ್ತೊಬ್ಬರಿಗೆ ಎರವಲು ಕೊಡಕೂಡದು, ಎಳೆಯರನ್ನೂ ಮನೆಯಲ್ಲಿ ಬೆಳೆದವರನ್ನೂ ಬಿಟ್ಟು ದೇಶದಾಚೆಗೆ ಒಂದು ಕ್ಲಬ್ಬು ಇಂತಿಷ್ಟೇ ಮಂದಿಯನ್ನು ಕಳಿಸಬೇಕು ಎಂದು ಕಟ್ಟು ಹಾಕಿದರು. ಆ ಸಂಖ್ಯೆ ಮೊದಲು 8 ಇದ್ದದ್ದು 2024ರ ಹೊತ್ತಿಗೆ 6ಕ್ಕೆ ಇಳಿಯಿತು.

ಕುಟೀನ್ಯೋನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಅಂದಿನ 8-2ರ ಮೇಲೆ ಬಯರ್ನ್‌ನವರು ಕಪ್ಪನ್ನೂ ಗೆದ್ದರು. ಅಂತಿಮ ಪಂದ್ಯದಲ್ಲಿ ಇವನೂ ಸ್ವಲ್ಪ ಹೊತ್ತು ಆಡಿ ಪದಕ ಕೊರಳಿಗೆ ಹಾಕಿಕೊಂಡ. ಆದರೆ ಬಯರ್ನ್‌ನವರು 12 ಕೋಟಿ ಕೊಡಲು ಮನಸ್ಸು ಮಾಡಲಿಲ್ಲ. ಎರವಲಿನ ಅವಧಿ ಮುಗಿಯಿತು. ಎಂಟು ಗೋಲು ತಿಂದ ಮನೆಗೇ ಪದಕ ಹೊತ್ತುಕೊಂಡು ಹಿಂತಿರುಗಿದ. ಅವನನ್ನು ಎದುರುಗೊಂಡವರ ಮುಖ ಹೇಗಿತ್ತೆಂದು ನೋಡುವ ಆಸೆ ನನಗೆ ಈಗಲೂ ಇದೆ.

ಮೊಮ್ಮಗ ಅವನ ಪೂರ್ವವನ್ನೂ ಹುಡುಕಿ ತಂದು ಹೇಳಿದ. ರಿಯೋ ನಗರದಲ್ಲಿ ಹುಟ್ಟಿ ಅಲ್ಲಿನ ವಾಸ್ಕೋ ಡ ಗಾಮಾ ಕ್ಲಬ್ಬಿನಲ್ಲಿ ಆಡುತ್ತಿದ್ದ ಇವನನ್ನು 2008ರಲ್ಲಿ, 16ನೆಯ ವಯಸ್ಸಿನಲ್ಲಿ, ಇಟಲಿಯ ಇಂಟರ್ ಕ್ಲಬ್ಬು ಕೊಂಡಿತು. 18 ತುಂಬದೆ ದೇಶ ಬಿಡುವಂತಿರಲಿಲ್ಲ. ಆದುದರಿಂದ ತಾನು ಆಡುತ್ತಿದ್ದ ಊರಿನಲ್ಲೇ, ಅದೇ ಕ್ಲಬ್ಬಿನಲ್ಲೇ, ಎರಡು ವರ್ಷ ಎರವಲು ಆಟಗಾರನಾಗಿ ಉಳಿದ. ನಿನ್ನೆಯವರೆಗೆ ಮನೆಮಗ, ಇಂದು ಬಾಡಿಗೆದಾರ. ಮಲಗುವ ಚಾಪೆ ಮಾತ್ರ ಅದೇ. ಮುಂದೆ ಇಂಟರಿನವರು ಒಮ್ಮೆ ಸ್ಪೇನಿಗೆ ಎರವಲು ಕೊಟ್ಟರು, ಆಮೇಲೆ ಲಿವರ್‌ಪೂಲಿಗೆ ಮಾರಿದರು. ಬಾರ್ಸಿಲೋನಾದ ಕಥೆ ಗೊತ್ತೇ ಇದೆ. 2022ರ ಜನವರಿಯಲ್ಲಿ ಬಾರ್ಸಿಲೋನಾದವರು ಅವನನ್ನು ಇನ್ನೊಮ್ಮೆ ಎರವಲು ಕೊಟ್ಟರು. ತೆಗೆದುಕೊಂಡವರು ಆಸ್ಟನ್ ವಿಲ್ಲಾ! ನಾಲ್ಕು ತಿಂಗಳ ಮೇಲೆ ಸುಮಾರು 1 ಕೋಟಿ 70 ಲಕ್ಷ ಪೌಂಡಿಗೆ ಅವರೇ ಕ್ರಯ ಮಾಡಿಕೊಂಡರು. ಹತ್ತು ಕೋಟಿಯ ಮನುಷ್ಯ ನಾಲ್ಕು ವರ್ಷದಲ್ಲಿ ಇಷ್ಟು ಸವೆದಿದ್ದ. ವಿಲ್ಲಾದವರು 2023ರಲ್ಲಿ ಅವನನ್ನು ಕತಾರಿಗೆ ಎರವಲು ಕಳಿಸಿದರು.

2024ರ ಮಳೆಗಾಲದಲ್ಲಿ ಒಂದು ಸಂಜೆ ಹುಡುಗ ಕಾಲೇಜಿನಿಂದ ಬಂದವನೇ, “ತಾತ, ನಿಮ್ಮ ಕುಟೀನ್ಯೋ ಕೊನೆಗೂ ತನ್ನ ಊರಿಗೆ ಹೋದ. ವಾಸ್ಕೋ ಡ ಗಾಮಾಕ್ಕೇ ಆಡುತ್ತಾನಂತೆ” ಎಂದ.

ಅಂತೂ ಮನೆ ಸೇರಿದನಲ್ಲ ಎಂದು ನನಗೆ ಸಂತೋಷವಾಯಿತು. “ಅವರೇ ಕೊಂಡುಕೊಂಡರೇನೋ?” ಎಂದು ಕೇಳಿದೆ.

“ಇಲ್ಲ ತಾತ,” ಎಂದ ಹುಡುಗ. “ಲೋನ್.”